ಐದನೆಯ ಶೀಲ ಯಾರಿಗೆ?



ನಮ್ಮ ಬಳ್ಳಾರಿ ಎರಡು ನಿಷೇಧಗಳನ್ನು ಕಂಡಿದೆ. 1948ರ ಹೊತ್ತಿಗೆ ಇಡೀ ಮದ್ರಾಸ್ ಪ್ರಾಂತ್ಯದಲ್ಲಿ ಪಾನನಿಷೇಧ ಬಂದಾಗ ಬಳ್ಳಾರಿ ಅದರಲ್ಲೇ ಇತ್ತು. ಆಮೇಲೆ 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿತು. ಸಾರಾಯಿ ಹೋಯಿತು, ಅದರ ಜಾಗಕ್ಕೆ ಅಗ್ಗದ ವಿಸ್ಕಿ ಪ್ಯಾಕೆಟ್ ಬಂತು. ಕೂಲಿಯ ದುಡ್ಡು ಮನೆ ಮುಟ್ಟದಿರುವುದು ಮಾತ್ರ ತಪ್ಪಲಿಲ್ಲ.

ತಪ್ಪು ಯಾರದು? ಕುಡಿಯುವವನದೇ ಎಂದು ಕೈತೊಳೆದುಕೊಳ್ಳುವುದು ಸುಲಭ. ಭಗವಾನ್ ಬುದ್ಧರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಐದನೆಯ ಶೀಲ ಕುಡಿಯುವವನಿಗೆ. ಆದರೆ ಅಂಗುತ್ತರ ನಿಕಾಯದಲ್ಲಿ ಉಪಾಸಕರು ಮಾಡಬಾರದ ಐದು ವ್ಯಾಪಾರಗಳಲ್ಲಿ ಆಯುಧ, ವಿಷಗಳ ಜೊತೆ ಮದ್ಯವೂ ಇದೆ. ಅದು ಮಾರುವವನಿಗೆ. ಸಂವಿಧಾನದ 47ನೆಯ ವಿಧಿ ಪಾನನಿಷೇಧದತ್ತ ಸಾಗುವಂತೆ ಸರ್ಕಾರಕ್ಕೇ ಹೇಳುತ್ತದೆ. ಅದೇ ಸರ್ಕಾರದ ಬೊಕ್ಕಸಕ್ಕೆ ಅಬಕಾರಿ ದೊಡ್ಡ ಆದಾಯ!

ಹಾಗಾದರೆ ಕುಡಿಯದ ನಮಗೆ? ಶೀಲದಲ್ಲಿರುವ ಪಾಲಿ ಪದ 'ಪಮಾದ', ನಮ್ಮ 'ಪ್ರಮಾದ'. ಕನ್ನಡದಲ್ಲಿ ಅದು ತಪ್ಪು, ಧಮ್ಮದಲ್ಲಿ ಎಚ್ಚರಗೇಡಿತನ. ಮದುವೆಯ ಹಿಂದಿನ ರಾತ್ರಿ 'ಹುಡುಗರು, ಇರಲಿ ಬಿಡು' ಎಂದು ದುಡ್ಡು ಕೊಡುವವರು, ಚುನಾವಣೆಯಲ್ಲಿ ಹಂಚುವಾಗ ನೋಡಿಯೂ ಸುಮ್ಮನಿರುವವರು ಒಂದು ಹನಿಯನ್ನೂ ಮುಟ್ಟದೆ ಎಚ್ಚರ ತಪ್ಪಿದವರೇ.

ಇನ್ನೊಂದು ಎಚ್ಚರ: ಹಲವು ವರ್ಷ ದಿನವೂ ಹೆಚ್ಚಾಗಿ ಕುಡಿದವರು ಒಮ್ಮೆಲೇ ಬಿಟ್ಟರೆ ಕೈಕಾಲು ನಡುಕ, ಫಿಟ್ಸ್ ಬರಬಹುದು; ಜೀವಕ್ಕೂ ಅಪಾಯ. ಅಂಥವರಿಗೆ ಆಣೆ ಹಾಕಿಸಿ ಬಿಡಬೇಡಿ. ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಬೈಯುವುದು ಶೀಲವಲ್ಲ, ಜೊತೆಗೆ ನಡೆಯುವುದು ಶೀಲ.

ಭವತು ಸಬ್ಬ ಮಂಗಲಂ.
– ಗಾಂಧಿನಗರ, ಬಳ್ಳಾರಿ