ದಯಾರಾಮನ ಗರಬಿ ಮತ್ತು ಜಗತ್ತಿನ ಸತ್ಯತ್ವ

ಗುಜರಾತಿ ಭಕ್ತಿಪರಂಪರೆಯ ಕೊನೆಯ ದೊಡ್ಡ ಕವಿ ದಯಾರಾಮ (1777–1853) ತಾನೇ ಪದ ಕಟ್ಟಿ ತಾನೇ ಹಾಡಿದವನಾದ್ದರಿಂದ, ಅವನ ಗರಬಿಗಳಲ್ಲಿ, ಅಂದರೆ ವೃತ್ತಾಕಾರವಾಗಿ ಕುಣಿಯುತ್ತ ಹಾಡುವ ಕಿರಿದಾದ ಭಾವಗೀತೆಗಳಲ್ಲಿ, ಕೇಳಿಬರುವ ಶೃಂಗಾರ ಕವಿಯ ಸ್ವಂತ ಹಂಬಲವೋ ಅವನು ನಂಬಿದ ಮತದ ಸಿದ್ಧಾಂತವೋ ಎಂಬ ಪ್ರಶ್ನೆ ಏಳುತ್ತದೆ.

ನರ್ಮದಾ ತೀರದ ಚಾಂದೋದದ ನಾಗರ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದ ದಯಾರಾಮ ಚಿಕ್ಕಂದಿನಲ್ಲೇ ತಂದೆತಾಯಿಗಳನ್ನು ಕಳೆದುಕೊಂಡು, ವಡೋದರಾ ಸಮೀಪದ ಡಭೋಯಿಯಲ್ಲಿ ಬಂಧುಗಳ ಆಸರೆಯಲ್ಲಿ ಬೆಳೆದ. ಡಾಕೋರಿನ ವಿದ್ವಾಂಸ ಇಚ್ಛಾರಾಮ ಭಟ್ಟರ ಸಂಪರ್ಕದಿಂದ ವಲ್ಲಭಾಚಾರ್ಯರು ಸ್ಥಾಪಿಸಿದ ಕೃಷ್ಣಭಕ್ತಿಯ ಪಂಥವಾದ ಪುಷ್ಟಿಮಾರ್ಗದಲ್ಲಿ ಅವನ ಒಲವು ಗಟ್ಟಿಯಾಯಿತು. ಅವನು ಮದುವೆಯಾಗದೆ ರತನಬಾಯಿ ಎಂಬ ವಿಧವೆಯೊಡನೆ ಬಾಳಿದ್ದನ್ನು ಮುಂದಿಟ್ಟು ಗರಬಿಗಳನ್ನು ಓದುವುದು ಸುಲಭ, ಆದರೆ ಅಷ್ಟು ಸಾಲದು.

ಪುಷ್ಟಿಯೆಂದರೆ ಭಗವಂತನ ಅನುಗ್ರಹ. ಕೃಷ್ಣದೇವರಾಯನ ಆಸ್ಥಾನದಲ್ಲಿ ವಾದ ಗೆದ್ದರೆಂದು ಸಂಪ್ರದಾಯ ಹೇಳುವ ವಲ್ಲಭಾಚಾರ್ಯರ ಶುದ್ಧಾದ್ವೈತವೇ ಈ ಮಾರ್ಗದ ಸಿದ್ಧಾಂತ; ಅದು, ಮಾಯೆಯ ಸೋಂಕಿಲ್ಲದ ಬ್ರಹ್ಮವೇ ವಿಕಾರಗೊಳ್ಳದೆ ಜಗತ್ತಾಗಿ ಪರಿಣಮಿಸಿದೆ, ಆದ್ದರಿಂದ ಜಗತ್ತು ಸತ್ಯ, ಜೀವನು ಅವಿದ್ಯೆಯಿಂದ ಕಟ್ಟಿಕೊಂಡ 'ನಾನು, ನನ್ನದು' ಎಂಬ ಸಂಸಾರ ಮಾತ್ರ ಮಿಥ್ಯೆ ಎನ್ನುತ್ತದೆ. ಜಗತ್ತನ್ನೂ ಸಂಸಾರವನ್ನೂ ಹೀಗೆ ಬೇರ್ಪಡಿಸಿದರೆ ಗೋಪಿಯ ದೇಹ, ಕಣ್ಣೋಟ, ಬಯಕೆಗಳು ಬೇರೇನನ್ನೋ ಸೂಚಿಸುವ ಸಂಕೇತಗಳಾಗಬೇಕಿಲ್ಲ; ಹಂಬಲ ಯಾರದು ಎಂಬ ಪ್ರಶ್ನೆಯೂ ಕರಗುತ್ತದೆ, ಏಕೆಂದರೆ ಮಿಥ್ಯೆಯಾದದ್ದು ಹಂಬಲವಲ್ಲ, ಅದರ ಮೇಲಿನ ಒಡೆತನ.

ಆದರೂ ಗರಬಿ ಈ ಉತ್ತರಕ್ಕೆ ಪೂರ್ತಿ ಒಗ್ಗುವುದಿಲ್ಲ. ಕೇವಲಾದ್ವೈತವನ್ನು, ಅಂದರೆ ಬ್ರಹ್ಮವೊಂದೇ ಸತ್ಯ, ಜಗತ್ತು ತೋರಿಕೆ ಎಂಬ ಮತವನ್ನು, ತನ್ನ 'ರಸಿಕವಲ್ಲಭ' ಕೃತಿಯಲ್ಲಿ ತರ್ಕಬದ್ಧವಾಗಿ ಖಂಡಿಸುವ ಕವಿಯೇ ಇಲ್ಲಿ ಮುನಿಯುವ, ಕೊಳಲಿನ ಮೇಲೂ ಮತ್ಸರಪಡುವ ಗೋಪಿಗೆ ದನಿಯಾಗುತ್ತಾನೆ. ಮತ್ಸರವಾದರೋ 'ನನ್ನದು' ಎಂಬುದಿಲ್ಲದೆ ಹುಟ್ಟದು. ಸಿದ್ಧಾಂತ ಹಾಡಿಗೆ ಅನುಮತಿ ಕೊಟ್ಟಿತು, ಹಾಡು ಅದಕ್ಕಿಂತ ತುಸು ಹೆಚ್ಚೇ ತೆಗೆದುಕೊಂಡಿತು ಎನ್ನಬೇಕು.

ಇದೇ ಪುಷ್ಟಿಮಾರ್ಗ ಎಲ್ಲರನ್ನೂ ಹಾಡಿನತ್ತ ಒಯ್ದಿತೆಂದಲ್ಲ. ಹದಿನೇಳನೆಯ ಶತಮಾನದಲ್ಲಿ ಅಹಮದಾಬಾದಿನ ಅಕ್ಕಸಾಲಿಗ ಅಖೋ, ಪರಂಪರೆಯ ಪ್ರಕಾರ, ಅದರ ಗುರು ಗೋಕುಲನಾಥರಿಂದ ದೀಕ್ಷೆ ಪಡೆದೂ ತೃಪ್ತನಾಗದೆ ಕೇವಲಾದ್ವೈತದತ್ತ ಹೊರಳಿ, ಛಪ್ಪಾ ಎಂಬ ಆರು ಸಾಲಿನ ಪದ್ಯಗಳಲ್ಲಿ ತೋರಿಕೆಯ ಗುರುಗಳನ್ನು ಗೇಲಿಮಾಡಿದ.

ದಯಾರಾಮನ ಪದಗಳನ್ನು ಸಂಗ್ರಹಿಸಿ ಅಚ್ಚುಹಾಕಿಸಿದವನು ಸೂರತಿನಲ್ಲಿ 1833ರಲ್ಲಿ ಹುಟ್ಟಿದ ಸುಧಾರಕ ಕವಿ ನರ್ಮದ್. ವಿಧವಾ ವಿವಾಹದ ಬಗ್ಗೆ 1860ರಲ್ಲಿ ಪುಷ್ಟಿಮಾರ್ಗದ ಧರ್ಮಗುರು ಜದುನಾಥಜಿ ಮಹಾರಾಜರೊಡನೆ ಬಹಿರಂಗವಾಗಿ ವಾದಕ್ಕಿಳಿದವನೂ ಅವನೇ. ಧರ್ಮಗುರುವಿನ ಅಧಿಕಾರವನ್ನು ಪ್ರಶ್ನಿಸಿದವನಿಗೆ ಆ ಮತದ ಹಾಡನ್ನು ಉಳಿಸುವುದರಲ್ಲಿ ವಿರೋಧವೇನೂ ಕಾಣಲಿಲ್ಲ.