ಬೈಬಲಿನಲ್ಲಿ ಖಡ್ಗ ಮತ್ತು ಕರುಣೆ

ಧರ್ಮಗ್ರಂಥವೊಂದು ಎರಡು ನಾಲಗೆಗಳಿಂದ ಮಾತನಾಡಿದಂತೆ ತೋರಿದಾಗ ಶ್ರದ್ಧಾವಂತನು ಏನು ಮಾಡಬೇಕು? ಈ ಪ್ರಶ್ನೆ ಯಾವ ಒಂದು ಮತಕ್ಕೂ ಸೀಮಿತವಾದುದಲ್ಲ. ಕ್ರೈಸ್ತರ ಬೈಬಲಿನಲ್ಲಿ ಅದು ಎದ್ದು ಕಾಣುವುದರಿಂದ, ಓದುಗ ಬಂಧುಗಳೇ, ಅಲ್ಲಿಂದಲೇ ವಿಚಾರವನ್ನು ಆರಂಭಿಸೋಣ.

ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ಯೇಸುಕ್ರಿಸ್ತನು ವೈರಿಯನ್ನೂ ಪ್ರೀತಿಸಬೇಕೆಂದು ಬೋಧಿಸುತ್ತಾನೆ. ಅದೇ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ತಾನು ತಂದುದು ಶಾಂತಿಯಲ್ಲ, ಖಡ್ಗವೆಂದು ಹೇಳುತ್ತಾನೆ. ಲೂಕನ ಸುವಾರ್ತೆಯ ಪ್ರಕಾರ ಕೊನೆಯ ರಾತ್ರಿ ಶಿಷ್ಯರಿಗೆ ಮೇಲಂಗಿಯನ್ನು ಮಾರಿಯಾದರೂ ಖಡ್ಗವನ್ನು ಕೊಳ್ಳಿರೆನ್ನುತ್ತಾನೆ. ಆದರೆ ಶಿಷ್ಯನೊಬ್ಬನು ಅದನ್ನು ಬೀಸಿ ಮಹಾಯಾಜಕನ ಆಳಿನ ಕಿವಿಯನ್ನು ಕತ್ತರಿಸಿದೊಡನೆ ತಡೆದು, ಆ ಗಾಯವನ್ನು ವಾಸಿಮಾಡುತ್ತಾನೆ.

ಈ ವಿರೋಧಗಳು ಸಂದರ್ಭವನ್ನರಿತರೆ ಬಹುಮಟ್ಟಿಗೆ ಕರಗುತ್ತವೆ. ಮತ್ತಾಯನು ಖಡ್ಗವೆಂದು ಬರೆದೆಡೆಯಲ್ಲಿ ಲೂಕನು ಭೇದವೆಂದು ಬರೆದಿದ್ದಾನೆ. ಸತ್ಯವನ್ನು ಹಿಡಿದವನಿಗೆ ತಂದೆ ಮಕ್ಕಳಲ್ಲಿಯೂ ಬಿರುಕುಂಟಾಗುವುದೆಂಬುದೇ ಅಲ್ಲಿಯ ತಾತ್ಪರ್ಯ. ಇನ್ನು ಶಿಷ್ಯರು ತೋರಿಸಿದ್ದು ಎರಡೇ ಖಡ್ಗಗಳು. ಅಷ್ಟು ಸಾಕೆಂದನು ಗುರು. ಇದು ಯುದ್ಧಕ್ಕೆ ಹೊರಟವನ ಲೆಕ್ಕವಲ್ಲ.

ಆದರೆ ಸಮುವೇಲನ ಮೊದಲನೆಯ ಗ್ರಂಥದ 15ನೆಯ ಅಧ್ಯಾಯವನ್ನು ಹೀಗೆ ಕರಗಿಸಲಾಗದು. ಅಮಾಲೇಕ್ಯರನ್ನು, ಅವರ ಹಸುಗೂಸುಗಳನ್ನು ಸಹ ಉಳಿಸದೆ ಕೊಲ್ಲಬೇಕೆಂದು ದೇವರ ಹೆಸರಿನಲ್ಲಿ ಸೌಲರಾಜನಿಗೆ ಆಜ್ಞೆಯಾಗುತ್ತದೆ. ಕಾರಣ, ಆ ಜನಾಂಗದ ಪೂರ್ವಜರು ಹಿಂದೊಮ್ಮೆ ಇಸ್ರಾಯೇಲ್ಯರ ದಾರಿಗೆ ಅಡ್ಡಬಂದದ್ದು. ಪೂರ್ವಜರ ದ್ರೋಹಕ್ಕೆ ತೊಟ್ಟಿಲ ಕೂಸು ಹೊಣೆಯೆ?

ಕ್ರೈಸ್ತರೇ ಈ ಪ್ರಶ್ನೆಯಿಂದ ಬಹುಕಾಲ ನೊಂದಿದ್ದಾರೆ. ಎರಡನೆಯ ಶತಮಾನದ ಮಾರ್ಸಿಯೋನನು ಹಳೆಯ ಒಡಂಬಡಿಕೆಯ ದೇವರೇ ಬೇರೆ, ಯೇಸುವಿನ ತಂದೆಯೇ ಬೇರೆ ಎಂದನು; ಚರ್ಚು ಅವನನ್ನು ಹೊರಗಟ್ಟಿತು. ಮೂರನೆಯ ಶತಮಾನದ ಓರಿಜೆನ್ ಯೆಹೋಶುವನ ಯುದ್ಧಗಳನ್ನು ಅಂತರಂಗದ ದುರ್ಗುಣಗಳೊಡನೆ ನಡೆಯುವ ಹೋರಾಟವೆಂದು ವ್ಯಾಖ್ಯಾನಿಸಿದನು. ಸಾಧಕನಿಗೆ ಇದು ಉಪಯುಕ್ತವೇ ಸರಿ. ಆದರೆ ಕಥೆಯೊಳಗೆ ಸತ್ತ ಕೂಸಿಗೆ ಇದು ನ್ಯಾಯವನ್ನೊದಗಿಸದು. ಅಗಸ್ಟೀನನು ದೈವಪ್ರೀತಿ ಮತ್ತು ನೆರೆಯವನ ಪ್ರೀತಿಗಳೇ ಗ್ರಂಥಾರ್ಥದ ಒರೆಗಲ್ಲೆಂದನು. ಆತನೇ ಭಿನ್ನಮತದ ಡೊನಾಟಿಸ್ಟರ ಮೇಲೆ ರಾಜದಂಡದ ಬಲಾತ್ಕಾರವನ್ನು ಗ್ರಂಥದ ಆಧಾರದಿಂದಲೇ ಸಮರ್ಥಿಸಿದನು. ಧರ್ಮಯುದ್ಧಕ್ಕೆ 1095ರಲ್ಲಿ ಕರೆಯಿತ್ತ ಪೋಪ್ ಎರಡನೆಯ ಅರ್ಬನ್ ಓದಿದ್ದೂ, ಸಕಲ ಯುದ್ಧವನ್ನೂ ತ್ಯಜಿಸಿರುವೆವೆಂದು 1660ರಲ್ಲಿ ಇಂಗ್ಲೆಂಡಿನ ದೊರೆಗೆ ತಿಳಿಸಿದ ಕ್ವೇಕರರು ಓದಿದ್ದೂ ಇದೇ ಬೈಬಲನ್ನೇ.

ಹಾಗಾದರೆ ಪ್ರತಿಯೊಬ್ಬನೂ ತನಗೊಪ್ಪಿದ್ದನ್ನು ಆರಿಸಿಕೊಳ್ಳಬಹುದೆ? ಹಾಗೆ ಆರಿಸಿದರೆ ಗ್ರಂಥದ ಪ್ರಾಮಾಣ್ಯವೇನಾಯಿತು? ಎಂದು ನೀವು ಕೇಳಬಹುದು. ಇದಕ್ಕೆ ಉತ್ತರವು ಗ್ರಂಥದೊಳಗೇ ಇದೆ. ಪ್ರವಾದಿ ಎಲೀಯನು ಆಕಾಶದಿಂದ ಬೆಂಕಿಯನ್ನಿಳಿಸಿ ಸೈನಿಕರನ್ನು ಸುಟ್ಟ ಕಥೆ ಹಳೆಯ ಒಡಂಬಡಿಕೆಯಲ್ಲಿದೆ. ತಮಗೆ ಆಶ್ರಯವೀಯದ ಸಮಾರ್ಯದ ಹಳ್ಳಿಯೊಂದರ ಮೇಲೆ ಅಂತಹುದೇ ಬೆಂಕಿಯನ್ನು ಕರೆಯಲು ಶಿಷ್ಯರು ಬಯಸಿದಾಗ ಯೇಸು ಅವರನ್ನು ಗದರಿಸಿದನು. ಬಲಿಗಿಂತ ಕರುಣೆ ಮೇಲೆಂಬ ಹೋಶೇಯನ ನುಡಿಯನ್ನು ಮತ್ತಾಯನ ಯೇಸು ಎರಡು ಸಲ ನೆನೆಯುತ್ತಾನೆ. ಶತ್ರುನಗರವಾದ ನಿನೆವೆ ಉಳಿಯಿತೆಂದು ಮುನಿದ ಯೋನನಿಗೆ, ಅಲ್ಲಿಯ 1,20,000 ಅರಿಯದ ಜನರನ್ನೂ ದನಕರುಗಳನ್ನೂ ತೋರಿಸಿ ದೇವರೇ ಕನಿಕರದ ಪಾಠ ಹೇಳುತ್ತಾನೆ. ಗ್ರಂಥವೇ ತನ್ನ ಒಂದು ಮಾತನ್ನು ಇನ್ನೊಂದರಿಂದ ತೂಗಿ ನೋಡುತ್ತಿದೆ. ಆದುದರಿಂದ ಅಮಾಲೇಕ್ಯರ ವಧೆಯ ಪುಟದಲ್ಲಿ ಮಾನವನು ತನ್ನ ಕೋಪವನ್ನು ದೇವರ ಬಾಯಲ್ಲಿಟ್ಟನೆಂದು ಹೇಳುವುದು ಗ್ರಂಥದ್ರೋಹವಲ್ಲ.

ಯಾವುದೇ ಗ್ರಂಥವನ್ನು ಓದುವಾಗಲೂ ಈ ಒಂದು ಪರೀಕ್ಷೆಯನ್ನು ಮರೆಯದಿರೋಣ: ನಾವು ಮಾಡುವ ಅರ್ಥವು ಯಾರನ್ನು ಬಲಿ ಕೇಳುತ್ತದೆ? ನೆರೆಯವನ ಪ್ರಾಣವನ್ನು ಕೇಳುವ ಅರ್ಥವು ನಮಗೆ ಸುಲಭ, ಆದುದರಿಂದಲೇ ಸಂದೇಹಾಸ್ಪದ. ನಮ್ಮ ದ್ವೇಷವನ್ನೇ ಬಲಿ ಕೇಳುವ ಅರ್ಥವು ಕಷ್ಟಕರ. ಸ್ವಾರ್ಥಿಯು ಅದನ್ನು ತನ್ನ ಅನುಕೂಲಕ್ಕೆಂದು ಆರಿಸಿಕೊಳ್ಳಲಾರನು.