ಎಸೆಯುವ ತೋಳು ಯಾರ ಸ್ವತ್ತು?

ಬೇಸ್‌ಬಾಲ್ ನಮ್ಮ ಊರುಗಳ ಆಟವಲ್ಲ. ಅಮೆರಿಕದಲ್ಲಿ ಮಕ್ಕಳು ಮೊಮ್ಮಕ್ಕಳು ನೆಲೆಸಿರುವ ಕುಟುಂಬಗಳಿಗೆ ಅದರ ಪರಿಚಯ ಅಷ್ಟಿಷ್ಟು ಇರಬಹುದು. ಉಳಿದವರು ಇಷ್ಟು ತಿಳಿದರೆ ಸಾಕು: ಕ್ರಿಕೆಟ್ಟಿನಲ್ಲಿ ಬೌಲರ್ ಮಾಡುವ ಕೆಲಸವನ್ನು ಅಲ್ಲಿ ಪಿಚರ್ ಮಾಡುತ್ತಾನೆ. ಅವನು ದೂರದಿಂದ ಓಡಿ ಬರುವುದಿಲ್ಲ. ನಿಂತಲ್ಲಿಂದಲೇ, ಮೊಣಕೈ ಮಡಚಿ, ಚಾಟಿ ಬೀಸಿದಂತೆ ಚೆಂಡನ್ನು ಎಸೆಯುತ್ತಾನೆ. ಆ ಎಸೆತದ ಸೆಳೆತವನ್ನು ಹೆಚ್ಚಾಗಿ ತಾಳಿಕೊಳ್ಳಬೇಕಾದದ್ದು ಮೊಣಕೈಯ ಒಳಬದಿಯಲ್ಲಿ ಎರಡು ಮೂಳೆಗಳನ್ನು ಹಿಡಿದಿಟ್ಟಿರುವ ಪುಟ್ಟದೊಂದು ಅಸ್ಥಿರಜ್ಜು. ಈ ಪುಟ್ಟ ರಜ್ಜುವಿನ ಬಗ್ಗೆ ವೈದ್ಯರು ನಡೆಸಿದ ಸಂಶೋಧನೆಗೂ, ಆಟಗಾರರ ದುಡಿಮೆ ಮತ್ತು ಬೆಲೆಯ ಬಗ್ಗೆ ಅರ್ಥಶಾಸ್ತ್ರಜ್ಞರು ನಡೆಸಿದ ಸಂಶೋಧನೆಗೂ ಲೆಕ್ಕವಿಲ್ಲ. ಅದನ್ನು ಓದುವವರಿಗೆ ಕೊನೆಗೆ ಎದುರಾಗುವ ಪ್ರಶ್ನೆ ಮಾತ್ರ ಆಟಕ್ಕೆ ಸೇರಿದ್ದಲ್ಲ, ನೀತಿಗೆ ಸೇರಿದ್ದು. ಒಬ್ಬನ ದೇಹ ಸವೆಯುತ್ತದೆಂದು ಬಲ್ಲವರು ಆ ಸವೆತದಿಂದಲೇ ಲಾಭ ಪಡೆದರೆ ಅವರ ಹೊಣೆ ಎಷ್ಟು? ‘ಅವನೇ ಒಪ್ಪಿದ್ದನಲ್ಲ’ ಎಂಬ ಉತ್ತರ ಸಾಕೇ?

ಮೊದಲು ಒಂದು ಹಳೆಯ ಪ್ರಸಂಗವನ್ನು ನೋಡೋಣ. ಲಾಸ್ ಏಂಜಲಿಸ್ ಡಾಡ್ಜರ್ಸ್ ತಂಡದ ಸ್ಯಾಂಡಿ ಕೌಫ್ಯಾಕ್ಸ್ ತಮ್ಮ ಕಾಲದ ಶ್ರೇಷ್ಠ ಪಿಚರ್. ಮೊಣಕೈಯ ಸಂಧಿವಾತದ ನೋವನ್ನು ನುಂಗಿಕೊಂಡೇ 1965 ಮತ್ತು 1966ರಲ್ಲಿ ವರ್ಷಕ್ಕೆ ಮುನ್ನೂರಕ್ಕೂ ಹೆಚ್ಚು ಇನಿಂಗ್ಸ್ ಎಸೆದರು. 1966ರಲ್ಲಿ 27 ಪಂದ್ಯಗಳನ್ನು ಗೆಲ್ಲಿಸಿಕೊಟ್ಟು, 30ನೆಯ ವಯಸ್ಸಿನಲ್ಲಿಯೇ ಆಟಕ್ಕೆ ವಿದಾಯ ಹೇಳಿದರು. ಉಳಿದ ಬದುಕಿಗೆ ಕೈ ಬೇಕಲ್ಲ ಎಂಬ ವಿವೇಕ ಅವರದು. ಅದೇ ತಂಡದ ಟಾಮಿ ಜಾನ್ ಅವರ ರಜ್ಜು 1974ರಲ್ಲಿ ಹರಿಯಿತು. ಡಾಕ್ಟರ್ ಫ್ರ್ಯಾಂಕ್ ಜೋಬ್ ಅವರು ಬಲ ಮುಂಗೈಯಿಂದ ಒಂದು ಸ್ನಾಯುರಜ್ಜುವನ್ನು ತೆಗೆದು ಎಡ ಮೊಣಕೈಗೆ ಕಸಿ ಮಾಡಿದರು. ಮತ್ತೆ ಆಡುವ ಸಾಧ್ಯತೆ ನೂರರಲ್ಲಿ ಒಂದು ಎಂದು ಅವರು ಅಂದಾಜಿಸಿದ್ದರು. ಆದರೆ ಟಾಮಿ ಜಾನ್ 1976ರಲ್ಲಿ ಮರಳಿ ಬಂದು 1989ರವರೆಗೆ, ತಮ್ಮ 46ನೆಯ ವಯಸ್ಸಿನವರೆಗೆ ಆಡಿದರು. ಅವರ 288 ಗೆಲುವುಗಳಲ್ಲಿ 164 ಬಂದದ್ದು ಶಸ್ತ್ರಚಿಕಿತ್ಸೆಯ ನಂತರವೇ. ಇಂದು ಆ ಶಸ್ತ್ರಚಿಕಿತ್ಸೆಗೆ ರೋಗಿಯ ಹೆಸರೇ ಉಳಿದಿದೆ.

ಇದು ವರವೇ, ಸಂಶಯವಿಲ್ಲ. ಆದರೆ ಚಿಕಿತ್ಸೆ ಇದೆಯೆಂಬ ಧೈರ್ಯ ಗಾಯದ ಭಯವನ್ನೇ ಕಳೆದುಬಿಡುತ್ತದೆ. 2012ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಸಮೀಕ್ಷೆಯನ್ನು ನೋಡಿ. ಮೊಣಕೈಗೆ ಯಾವ ಗಾಯವೂ ಆಗದಿದ್ದರೂ, ಆಟ ಸುಧಾರಿಸಲೆಂದು ಈ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದು ಪ್ರೌಢಶಾಲೆಯ ಆಟಗಾರರಲ್ಲಿ ಶೇ. 51 ಮಂದಿಯೂ ಹೆತ್ತವರಲ್ಲಿ ಶೇ. 37 ಮಂದಿಯೂ ನಂಬಿದ್ದರು. ಮಗನ ನೆಟ್ಟಗಿರುವ ಕೈಯನ್ನು ಕತ್ತರಿಸಲು ಕೊಡಬಹುದೆಂದು ಯೋಚಿಸಿದ ಆ ತಂದೆತಾಯಿಯರು ಕ್ರೂರಿಗಳಲ್ಲ. ಅವರು ಮಕ್ಕಳನ್ನು ಪ್ರೀತಿಸುವವರೇ. ಭಯ ಹುಟ್ಟಿಸುವುದೂ ಅದೇ.

ವಯಸ್ಕರ ವಿಷಯಕ್ಕೆ ಬರೋಣ. ಮೇಜರ್ ಲೀಗ್‌ನಲ್ಲಿ ವೇಗದ ಎಸೆತದ ಸರಾಸರಿ 2008ರಲ್ಲಿ ಗಂಟೆಗೆ 91.3 ಮೈಲಿ ಇದ್ದದ್ದು 2024ರಲ್ಲಿ 94.2 ಮೈಲಿಗೆ, ಎಂದರೆ ಸುಮಾರು 147 ಕಿಲೋಮೀಟರಿನಿಂದ 152ಕ್ಕೆ ಏರಿತು. ಹೆಚ್ಚು ವೇಗ, ಪ್ರತಿ ಎಸೆತಕ್ಕೂ ಪೂರ್ಣ ಶಕ್ತಿ, ಇವೇ ಗಾಯಗಳನ್ನು ಹೆಚ್ಚಿಸುತ್ತಿರಬೇಕೆಂದು ಲೀಗ್ ತಾನೇ 2024ರ ಡಿಸೆಂಬರಿನಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ. ಹಾಗಾದರೆ ಆಟಗಾರನೇಕೆ ನಿಧಾನವಾಗಿ ಎಸೆಯಬಾರದು? ನಿಧಾನವಾಗಿ ಎಸೆಯುವವನಿಗೆ ಅಲ್ಲಿ ಸ್ಥಾನವಿಲ್ಲ, ಅದಕ್ಕೆ. ಇಪ್ಪತ್ತನೆಯ ಶತಮಾನದ ಸುಮಾರು ಆರು ಸಾವಿರ ಆಟಗಾರರ ವೃತ್ತಿಜೀವನವನ್ನು, ಪಿಚರುಗಳನ್ನು ಬಿಟ್ಟು, ಲೆಕ್ಕ ಹಾಕಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಸರಾಸರಿ ವೃತ್ತಿಜೀವನ 5.6 ವರ್ಷ, ಐವರಲ್ಲಿ ಒಬ್ಬನದು ಒಂದೇ ವರ್ಷ. ಬಾಗಿಲು ಇಷ್ಟು ಬೇಗ ಮುಚ್ಚುವಾಗ ನಾಳೆಯ ಮೊಣಕೈಯನ್ನು ಇಂದೇ ಮಾರಿಬಿಡುವುದು ಲೆಕ್ಕಕ್ಕೆ ಸರಿಯಾಗಿಯೇ ಕಾಣುತ್ತದೆ.

ಒಪ್ಪಿಗೆಯ ಬೆಲೆಯನ್ನು ತೂಗುವಾಗ ಎದುರು ತಟ್ಟೆಯಲ್ಲಿ ಏನಿತ್ತೆಂದು ಕೇಳಬೇಡವೇ? 1975ರ ಡಿಸೆಂಬರಿನ ಮಧ್ಯಸ್ಥಿಕೆಯ ತೀರ್ಪಿನವರೆಗೆ ಅಲ್ಲಿಯ ಆಟಗಾರ ತನ್ನ ತಂಡವನ್ನು ಬಿಟ್ಟು ಸ್ವಂತ ಇಚ್ಛೆಯಿಂದ ಬೇರೆಡೆಗೆ ಹೋಗುವಂತಿರಲಿಲ್ಲ. ತನ್ನನ್ನು ಸರಕಿನಂತೆ ಬೇರೆ ತಂಡಕ್ಕೆ ದಾಟಿಸುವುದನ್ನು 1969ರಲ್ಲಿ ಪ್ರತಿಭಟಿಸಿದ ಕರ್ಟ್ ಫ್ಲಡ್ 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿಯೂ ಸೋತರು. ಆ ಪದ್ಧತಿಯಲ್ಲಿ ಆಟಗಾರರು ತಾವು ದುಡಿದುಕೊಟ್ಟ ಆದಾಯದ ಸಣ್ಣ ಪಾಲನ್ನಷ್ಟೇ ಪಡೆಯುತ್ತಿದ್ದರೆಂದು ಅರ್ಥಶಾಸ್ತ್ರಜ್ಞ ಜೆರಾಲ್ಡ್ ಸ್ಕಲಿ 1974ರಲ್ಲಿ ಅಂಕಿಅಂಶಗಳಿಂದ ತೋರಿಸಿದರು. ಈಗಲೂ ಪೂರ್ಣ ಸ್ವಾತಂತ್ರ್ಯ ಸಿಗುವುದು ಆರು ವರ್ಷಗಳ ಸೇವೆಯ ನಂತರವೇ. ಆರು ವರ್ಷ ಅಗ್ಗವಾಗಿ ದುಡಿಸಿಕೊಂಡು, ಏಳನೆಯ ವರ್ಷ ಹರಿಯುವ ತೋಳನ್ನು ಇನ್ನೊಬ್ಬರ ಲೆಕ್ಕಕ್ಕೆ ಬಿಡುವ ಪ್ರಲೋಭನೆ ಆ ಏರ್ಪಾಡಿನಲ್ಲಿಯೇ ಇದೆ.

ಎಲ್ಲರೂ ಅದಕ್ಕೆ ಬಲಿಯಾಗಿಲ್ಲ. ಸ್ಟೀಫನ್ ಸ್ಟ್ರಾಸ್‌ಬರ್ಗ್ 2010ರಲ್ಲಿ ಈ ಶಸ್ತ್ರಚಿಕಿತ್ಸೆಗೆ ಒಳಗಾದರು. ವಾಷಿಂಗ್ಟನ್ ನ್ಯಾಷನಲ್ಸ್ ತಂಡ ಒಟ್ಟು 98 ಪಂದ್ಯಗಳನ್ನು ಗೆದ್ದ 2012ರಲ್ಲಿ, ತಂಡ ಉತ್ತುಂಗದಲ್ಲಿದ್ದಾಗಲೇ, ಸೆಪ್ಟೆಂಬರಿನಲ್ಲಿ, ವ್ಯವಸ್ಥಾಪಕರು ಅವರನ್ನು ಆಟದಿಂದ ಹಿಂತೆಗೆದರು. ವಾಸಿಯಾದ ತೋಳಿಗೆ ಆ ವರ್ಷ ಇಷ್ಟೇ ಸಾಕು ಎಂಬುದು ಅವರ ನಿಲುವು. 24 ವರ್ಷದ ಸ್ಟ್ರಾಸ್‌ಬರ್ಗ್ ಅವರಿಗೆ ಅದು ಸ್ವಲ್ಪವೂ ಹಿಡಿಸಲಿಲ್ಲ. ತಂಡ ಮೊದಲ ಸುತ್ತಿನಲ್ಲಿಯೇ ಸೋತಿತು. ಮುಂದೆ 2019ರಲ್ಲಿ ಅವರು ವರ್ಲ್ಡ್ ಸೀರೀಸ್‌ನ ಶ್ರೇಷ್ಠ ಆಟಗಾರರಾದರು. ಏಳು ವರ್ಷಗಳಿಗೆ 24.5 ಕೋಟಿ ಡಾಲರುಗಳ ಒಪ್ಪಂದವೂ ಆಯಿತು. ಆ ಬಳಿಕ ಅವರು ಆಡಿದ್ದು ಎಂಟೇ ಪಂದ್ಯಗಳು. ದೇಹ ಕೈಕೊಟ್ಟು 2024ರಲ್ಲಿ ನಿವೃತ್ತರಾದರು.

ಹಾಗಾದರೆ ಆ ಎಚ್ಚರಿಕೆ ವ್ಯರ್ಥವಾಯಿತೇ? ಹಾಗೆನ್ನುವವರು ಬಹಳ. ನನಗೆ ಹಾಗೆ ತೋರುವುದಿಲ್ಲ. ಅಂದು ಇದ್ದ ತಿಳಿವಳಿಕೆಯಿಂದ ಅಂದು ಮಾಡಬೇಕಾದುದನ್ನು ಮಾಡಿದವರನ್ನು ಹನ್ನೆರಡು ವರ್ಷಗಳ ನಂತರದ ಫಲದಿಂದ ಅಳೆಯುವುದು ನ್ಯಾಯವಲ್ಲ. ಆದರೂ ಒಂದು ಮುಳ್ಳು ಉಳಿದುಕೊಳ್ಳುತ್ತದೆ. ತಂಡಕ್ಕೆ ಅವರ ಮೇಲೆ ಇನ್ನೂ ಕೆಲವು ವರ್ಷಗಳ ಹಕ್ಕಿತ್ತು. ಅವರು ಕಾಪಾಡಿದ್ದು ಮನುಷ್ಯನನ್ನೋ, ಬಂಡವಾಳವನ್ನೋ? ಎರಡೂ ಇದ್ದಿರಬಹುದು. ಸ್ವಾರ್ಥ ಬೆರೆತಿದೆಯೆಂಬ ಮಾತ್ರಕ್ಕೆ ಒಳ್ಳೆಯ ಕೆಲಸವನ್ನು ಕೆಟ್ಟದ್ದೆನ್ನಲಾಗದು. ಆದರೆ ಬಂಡವಾಳವಾಗಿ ಲೆಕ್ಕಕ್ಕೆ ಬಾರದ ಸಾಮಾನ್ಯ ಆಟಗಾರನನ್ನು ಹೀಗೆ ಕೂರಿಸಿ ಕಾಯುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಬೇಕು.

ಇನ್ನು ಮಕ್ಕಳು. ಇಲ್ಲಿ ‘ಅವನೇ ಒಪ್ಪಿದ್ದಾನೆ’ ಎಂಬ ಮಾತಿಗೆ ಕಾಲೂರಲು ನೆಲವೇ ಇಲ್ಲ. ಅಲಬಾಮಾದ ಬರ್ಮಿಂಗ್‌ಹ್ಯಾಮ್ ನಗರದ ಅಮೆರಿಕನ್ ಸ್ಪೋರ್ಟ್ಸ್ ಮೆಡಿಸಿನ್ ಇನ್‌ಸ್ಟಿಟ್ಯೂಟ್‌ನವರು 481 ಬಾಲಕರನ್ನು ಹತ್ತು ವರ್ಷ ಗಮನಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ವರ್ಷಕ್ಕೆ ನೂರಕ್ಕಿಂತ ಹೆಚ್ಚು ಇನಿಂಗ್ಸ್ ಎಸೆದವರಿಗೆ ಗಂಭೀರ ಗಾಯದ ಸಂಭವ ಮೂರೂವರೆ ಪಟ್ಟು. 2006ರ ಇನ್ನೊಂದು ಅಧ್ಯಯನ ಚಿಕ್ಕದು. ಶಸ್ತ್ರಚಿಕಿತ್ಸೆಯಾದ 95 ಹುಡುಗರನ್ನು ಗಾಯವಿಲ್ಲದ 45 ಮಂದಿಯೊಡನೆ ಹೋಲಿಸಿದ್ದು. ತೋಳು ದಣಿದಿದ್ದರೂ ಎಸೆಯುವ ರೂಢಿಯಿದ್ದವರಲ್ಲಿ ಶಸ್ತ್ರಚಿಕಿತ್ಸೆಯ ಸಂಭವ 36 ಪಟ್ಟು ಎಂದು ಅದು ಕಂಡಿತು. ಅಧ್ಯಯನ ಇಷ್ಟು ಚಿಕ್ಕದಾಗಿರುವಾಗ ಆ ಸಂಖ್ಯೆಯನ್ನು ಬಿಗಿಯಾಗಿ ಹಿಡಿಯಬೇಕಾಗಿಲ್ಲ. ಅದು ತೋರುವ ದಿಕ್ಕಂತೂ ಸ್ಪಷ್ಟ. ‘ಅಪ್ಪಾ, ಕೈ ಸೋತಿದೆ’ ಎಂದ ಮಗುವಿಗೆ ‘ಇನ್ನೊಂದೇ ಓವರು, ಗಟ್ಟಿಯಾಗಿರು’ ಎನ್ನುವ ತಂದೆಯನ್ನು ನಾವು ನಮ್ಮ ಮೈದಾನಗಳಲ್ಲಿಯೂ ಬಲ್ಲೆವು.

ಬಡ ನಾಡುಗಳಲ್ಲಿ ಇದು ಇನ್ನೂ ಕಠಿಣ. ಡೊಮಿನಿಕನ್ ಗಣರಾಜ್ಯದ ಹುಡುಗರು 16ನೆಯ ವಯಸ್ಸಿನಲ್ಲಿ ಅಮೆರಿಕದ ತಂಡಗಳೊಡನೆ ಒಪ್ಪಂದಕ್ಕೆ ಸಹಿ ಹಾಕಬಹುದು. ಅದಕ್ಕಾಗಿ ತಯಾರಿ ಎಷ್ಟೋ ಮೊದಲೇ ಆರಂಭವಾಗುತ್ತದೆ. ಆ ಸಹಿಯ ಹಣ ಒಂದು ಮನೆತನದ ಬಡತನವನ್ನೇ ಕಳೆಯಬಲ್ಲದು. ಅಲ್ಲಿಯ ತಾಯಿಯೊಬ್ಬಳಿಗೆ ಮಗನ ಮೊಣಕೈಯ ಬಗ್ಗೆ ಉಪದೇಶ ಮಾಡುವ ಅಧಿಕಾರ ನನಗಂತೂ ಇಲ್ಲ. ಆದರೆ ಆ ಸಹಿಯನ್ನು ಕೊಳ್ಳುವವರಿಗೆ ಈ ಅಂಕಿಅಂಶಗಳೆಲ್ಲ ಗೊತ್ತಿವೆ. ತಿಳಿವಳಿಕೆ ಒಂದು ಕಡೆ, ನಷ್ಟ ಇನ್ನೊಂದು ಕಡೆ ಇರುವಲ್ಲಿ ಹೊಣೆಯ ಹೆಚ್ಚಿನ ಭಾರ ತಿಳಿದವರ ಹೆಗಲಿಗೇ ಬರಬೇಕು.

ಅಮೆರಿಕದ ಲಿಟಲ್ ಲೀಗ್ 2007ರಲ್ಲಿ ಮಕ್ಕಳ ಎಸೆತಗಳನ್ನೇ ಎಣಿಸುವ ನಿಯಮ ತಂದಿತು. 11, 12 ವರ್ಷದವರಿಗೆ ದಿನಕ್ಕೆ 85, ಅದರ ಮೇಲೆ ವಿಶ್ರಾಂತಿಯ ದಿನಗಳು. ನಿಯಮ ಒಳ್ಳೆಯದೇ. ಆದರೆ ಒಬ್ಬನೇ ಹುಡುಗ ಒಂದೇ ವಾರದಲ್ಲಿ ಎರಡು ತಂಡಗಳಿಗೆ ಆಡಿದರೆ, ಒಂದೊಂದು ತಂಡದ ಪುಸ್ತಕದಲ್ಲಿ ಅರ್ಧ ಲೆಕ್ಕ ಮಾತ್ರ ಇರುತ್ತದೆ. ಎರಡನ್ನೂ ಕೂಡಿಸಿ ನೋಡುವುದಕ್ಕೆ ಮನೆಯವರನ್ನು ಬಿಟ್ಟರೆ ಬೇರೆ ಯಾರೂ ಇಲ್ಲ.